ನನ್ನ ಪಾರ್ಫಿರಿನ್ ನೀರಿಗೆ ಹಾಕಿದ ಕೂಡಲೇ ಮಂಕಾಗುತ್ತದೆ, ಯಾಕೆ?

ನೇರಳೆಪುಡಿ · ಭಾನುವಾರ, ರಾತ್ರಿ 10:15

ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದೇನೆ. ಬೆಳಕು ಬಿದ್ದಾಗ ಮಾತ್ರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಪಾರ್ಫಿರಿನ್‌ಗಳನ್ನು ಮಾಡುವುದು ನನ್ನ ಕೆಲಸ. ಇದರ ಬಗ್ಗೆ ಕನ್ನಡದಲ್ಲಿ ಮಾತಾಡುವವರು ಸಿಗುವುದು ಕಡಿಮೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಹೊಸಬರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾಲ್ಕು ಪಿರೋಲ್ ಉಂಗುರಗಳು ಕೈಕೈ ಹಿಡಿದು ಕೂತ ಚಪ್ಪಟೆ ಅಣುವೇ ಪಾರ್ಫಿರಿನ್. ರಕ್ತದ ಕೆಂಪು, ಎಲೆಯ ಹಸಿರು ಎರಡೂ ಇದೇ ಮನೆತನದವು. ಬೆಳಕು ಬಿದ್ದಾಗ ಈ ಅಣು ಆ ಶಕ್ತಿಯನ್ನು ಪಕ್ಕದಲ್ಲಿರುವ ಆಕ್ಸಿಜನ್‌ಗೆ ದಾಟಿಸುತ್ತದೆ. ಆಗ ಸಿಂಗ್ಲೆಟ್ ಆಕ್ಸಿಜನ್ ಹುಟ್ಟುತ್ತದೆ. ನಾವು ಉಸಿರಾಡುವ ಆಕ್ಸಿಜನ್ನೇ ಅದು, ಆದರೆ ಕೈಗೆ ಸಿಕ್ಕಿದ್ದನ್ನೆಲ್ಲ ಹಾಳು ಮಾಡುವ ಸ್ಥಿತಿಯಲ್ಲಿರುತ್ತದೆ. ನೀರಿನಲ್ಲಿ ಅದರ ಆಯುಸ್ಸು 3–4 ಮೈಕ್ರೊಸೆಕೆಂಡ್ ಮಾತ್ರ. ಅಷ್ಟರಲ್ಲಿ ದೂರ ಹೋಗಲು ಆಗುವುದಿಲ್ಲ. ಹಾಗಾಗಿ ಔಷಧ, ಬೆಳಕು, ಆಕ್ಸಿಜನ್ ಮೂರೂ ಒಟ್ಟಿಗೆ ಇರುವ ಜಾಗದಲ್ಲಷ್ಟೇ ಕೋಶ ಸಾಯುತ್ತದೆ.

ಈಗ ನನ್ನ ಕಷ್ಟ. ಪಿರೋಲ್ ಮತ್ತು 3-ಮೆಥಾಕ್ಸಿ ಬೆಂಜಾಲ್ಡಿಹೈಡ್ ತೆಗೆದುಕೊಂಡು ಆಡ್ಲರ್ ವಿಧಾನದಲ್ಲಿ ಪ್ರೊಪಿಯೋನಿಕ್ ಆಸಿಡ್‌ನಲ್ಲಿ ಅರ್ಧ ಗಂಟೆ ಕುದಿಸಿದೆ. ಫ್ಲಾಸ್ಕ್ ತುಂಬ ಡಾಂಬರಿನಂಥ ಕಪ್ಪು. ತಣ್ಣಗಾದ ಮೇಲೆ ಸೋಸಿ ಮೆಥನಾಲ್‌ನಲ್ಲಿ ತೊಳೆದಾಗ ನೇರಳೆ ಹರಳು ಸಿಕ್ಕಿತು. ಆಮೇಲೆ ಬೋರಾನ್ ಟ್ರೈಬ್ರೋಮೈಡ್‌ನಿಂದ ಮೀಥೈಲ್‌ಗಳನ್ನು ತೆಗೆದೆ. ಈಗ ಅಣುವಿನ ನಾಲ್ಕು ಕಡೆಯೂ ಹೈಡ್ರಾಕ್ಸಿ ಇದೆ.

ಡಿಎಂಎಸ್‌ಒ ಅನ್ನುವ ದ್ರಾವಕದಲ್ಲಿ ಕರಗಿಸಿದರೆ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಸಿಂಗ್ಲೆಟ್ ಆಕ್ಸಿಜನ್ ತಗುಲಿದರೆ ಬಣ್ಣ ಕಳೆದುಕೊಳ್ಳುವ ಡಿಪಿಬಿಎಫ್ ಅನ್ನುವ ಪರೀಕ್ಷಕದ ಹಳದಿ ಕೆಲವೇ ನಿಮಿಷದಲ್ಲಿ ಹೋಗಿಬಿಡುತ್ತದೆ. ಅದನ್ನೇ ಬಫರ್‌ಗೆ (ಆಮ್ಲತೆ ಬದಲಾಗದ ಹಾಗೆ ಮಾಡಿದ ನೀರು) ಹಾಕಿದರೆ, ಬೆಳಕು ಹೀರುವುದನ್ನು ತೋರಿಸುವ ನಕ್ಷೆಯಲ್ಲಿ 420 ನ್ಯಾನೊಮೀಟರ್ ಹತ್ತಿರದ ಚೂಪಾದ ಶಿಖರ ತಗ್ಗಿ ಅಗಲವಾಗುತ್ತದೆ. ಕೆಂಪು ಹೊಳಪು ಕಾಣುವುದಿಲ್ಲ. ಡಿಪಿಬಿಎಫ್ ಕದಲುವುದೇ ಇಲ್ಲ. ಇಷ್ಟು ಸಾಲದು ಅಂತ, ಬಾಯಿ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದಾಗ ಕತ್ತಲೆಯಲ್ಲಿಟ್ಟ ಪ್ಲೇಟಿನಲ್ಲೂ ಕೋಶಗಳು ಸಾಯುತ್ತಿವೆ. ಬೆಳಕಿನಲ್ಲಿ ಕೆಲಸ ಮಾಡಬೇಕಾದ್ದು ಬಫರ್‌ನಲ್ಲಿ ಸುಮ್ಮನಿದೆ, ಕತ್ತಲೆಯಲ್ಲಿ ಸುಮ್ಮನಿರಬೇಕಾದ್ದು ಕೊಲ್ಲುತ್ತಿದೆ. ಒಂದೂವರೆ ತಿಂಗಳಾಯಿತು. ಯಾರಾದರೂ ದಾರಿ ಹೇಳಿ.

ಹಳೇ ಕೆಮಿಸ್ಟ್ರಿ ಮೇಷ್ಟ್ರು · ಭಾನುವಾರ, ರಾತ್ರಿ 11:02

ತಂಗಿ, ಮೊದಲ ಅರ್ಧಕ್ಕೆ ಉತ್ತರ ಸುಲಭ. ನಿನ್ನ ಅಣುಗಳು ನೀರಿನಲ್ಲಿ ಒಂದರ ಮೇಲೊಂದು ಕೂತಿವೆ. ಚಪ್ಪಟೆ ಅಣು, ಎಣ್ಣೆಯ ಸ್ವಭಾವ. ನೀರಿಗೆ ಬಿದ್ದ ಕೂಡಲೇ ಪೇರಿಸಿಟ್ಟ ಹೋಳಿಗೆಯ ಹಾಗೆ ಅಂಟಿಕೊಳ್ಳುತ್ತವೆ. ಆಗ ಒಂದು ಅಣು ಹೀರಿದ ಬೆಳಕು ಪಕ್ಕದ ಅಣುವಿಗೆ ಹೋಗಿ ಬರೀ ಬಿಸಿಯಾಗಿ ಮುಗಿಯುತ್ತದೆ. ಆಕ್ಸಿಜನ್‌ವರೆಗೆ ಶಕ್ತಿ ಮುಟ್ಟುವುದೇ ಇಲ್ಲ. ಶಿಖರ ಅಗಲವಾಗಿದ್ದು, ಹೊಳಪು ಹೋಗಿದ್ದು ಎರಡೂ ಇದರದ್ದೇ ಗುರುತು.

ಇನ್ನೊಂದು ವಿಷಯ. ಡಿಪಿಬಿಎಫ್ ಕೂಡ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಅದನ್ನು ಬಫರ್‌ಗೆ ಹಾಕಿ ಕದಲಲಿಲ್ಲ ಅಂದರೆ ತಪ್ಪು ಯಾರದ್ದು ಅಂತ ಹೇಳಲು ಬರುವುದಿಲ್ಲ. ನೀರಿಗೆ ಅದೇ ಕೆಲಸ ಮಾಡುವ ಎಬಿಡಿಎ ಬಳಸು. ಅದು ಆಂಥ್ರಸೀನ್ ಜಾತಿಯದು, ನೀರಿನಲ್ಲಿ ಕರಗುತ್ತದೆ.

ಮತ್ತೆ, ಯಾವ ಬೆಳಕು ಬಳಸಿದೆ? ಡಿಪಿಬಿಎಫ್ ನೀಲಿ ಬೆಳಕಿಗೆ ತಾನಾಗಿಯೇ ಹಾಳಾಗುತ್ತದೆ. ಬಿಳಿ ಎಲ್‌ಇಡಿ ಹಾಕಿದ್ದರೆ ಡಿಎಂಎಸ್‌ಒನಲ್ಲಿ ಬಂದ ಫಲಿತಾಂಶವನ್ನೂ ಪೂರ್ತಿ ನಂಬಬೇಡ.

ನೇರಳೆಪುಡಿ · ಭಾನುವಾರ, ರಾತ್ರಿ 11:20

ಮೇಷ್ಟ್ರೇ, ಬಿಳಿ ಎಲ್‌ಇಡಿಯೇ. ಪಾರ್ಫಿರಿನ್ ಹಾಕದೆ ಬರೀ ಡಿಪಿಬಿಎಫ್ ಇಟ್ಟು ನೋಡಿರಲಿಲ್ಲ. ನಾಳೆಯೇ ನೋಡುತ್ತೇನೆ.

ಬೆಳಕಿನಳತೆ · ಸೋಮವಾರ, ಬೆಳಿಗ್ಗೆ 7:40

ನಾನು ಲೇಸರ್ ಕಡೆಯವನು. ಬೆಳಕಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಕೆಮಿಸ್ಟ್ರಿಯವರು ಇಲ್ಲಿ ಎಡವುವುದು ಜಾಸ್ತಿ.

ಮೊಬೈಲ್ ಟಾರ್ಚ್ ಹಚ್ಚಿ ಬೆರಳಿನ ಕೆಳಗೆ ಹಿಡಿಯಿರಿ. ಬೆರಳು ಕೆಂಪಗೆ ಕಾಣುತ್ತದೆ, ಅಲ್ವಾ? ಟಾರ್ಚ್ ಬಿಳಿ. ನೀಲಿ, ಹಸಿರನ್ನು ರಕ್ತ ನುಂಗಿತು, ಕೆಂಪು ಮಾತ್ರ ಆಚೆ ಬಂತು. ಪಾರ್ಫಿರಿನ್‌ನ ದೊಡ್ಡ ಕಷ್ಟ ಇದೇ. ಅದು ಅತಿ ಹೆಚ್ಚು ಬೆಳಕು ಹೀರುವುದು 400–420ರ ನೀಲಿಯಲ್ಲಿ. ಆ ಬೆಳಕು ಮಾಂಸದೊಳಗೆ ಇಳಿಯುವುದಿಲ್ಲ. ಇಳಿಯುವ ಕೆಂಪಿನಲ್ಲಿ ಪಾರ್ಫಿರಿನ್ ಹೀರುವುದು ತೀರಾ ಕಡಿಮೆ.

ಫೋಟೊಫ್ರಿನ್ ಅನ್ನುವ ಪಾರ್ಫಿರಿನ್ ಔಷಧ ಇದರ ಉದಾಹರಣೆ. ಅದಕ್ಕೆ 630 ನ್ಯಾನೊಮೀಟರ್ ಬೆಳಕು ಬಳಸುತ್ತಾರೆ. ಅಲ್ಲಿ ಅದರ ಹೀರಿಕೆ ಬಹಳ ಸಣ್ಣದು. ಬೆಳಕೂ ಕೆಲವು ಮಿಲಿಮೀಟರ್ ಮಾತ್ರ ಕೆಲಸಕ್ಕೆ ಬರುತ್ತದೆ. ಪಾರ್ಫಿರಿನ್‌ನ ಒಂದು ಜೋಡಿ ಬಂಧ ಕಡಿಮೆ ಮಾಡಿದರೆ ಕ್ಲೋರಿನ್ ಆಗುತ್ತದೆ. (ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ಅಲ್ಲ, ಹೆಸರು ಮಾತ್ರ ಹಾಗೆ.) ಕೆಂಪಿನಲ್ಲಿ ಹೀರಿಕೆ ಒಮ್ಮೆಗೇ ಏರುತ್ತದೆ. ಟೆಮೊಪೊರ್ಫಿನ್ (ಔಷಧವಾಗಿ ಮಾರುವ ಹೆಸರು ಫೋಸ್ಕಾನ್) ಅಂಥ ಒಂದು ಕ್ಲೋರಿನ್, 652ರಲ್ಲಿ ಫೋಟೊಫ್ರಿನ್‌ಗಿಂತ ಸುಮಾರು ಹತ್ತು ಪಟ್ಟು ಹೀರುತ್ತದೆ. ಅದರ ಡೋಸ್ ಮೈತೂಕದ ಕಿಲೋಗೆ 0.15 ಮಿಲಿಗ್ರಾಂ, ಫೋಟೊಫ್ರಿನ್‌ದು ಕಿಲೋಗೆ 2 ಮಿಲಿಗ್ರಾಂ. ಇನ್ನೊಂದು ಜೋಡಿ ಬಂಧ ತೆಗೆದರೆ ಬ್ಯಾಕ್ಟೀರಿಯೊಕ್ಲೋರಿನ್. ಇಸ್ರೇಲಿನ ವೈಜ್‌ಮನ್ ಸಂಸ್ಥೆಯಲ್ಲಿ ಹುಟ್ಟಿದ ಟೂಕಾಡ್ ಆ ಗುಂಪಿನದು. ಅದಕ್ಕೆ 753ರ ಬೆಳಕು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ 2017ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಸಿಕ್ಕಿತು.

ಹಾಗಾದರೆ ಇನ್ನೂ ಮುಂದೆ, 900ಕ್ಕೆ ಹೋಗಬಾರದೇಕೆ ಅಂತ ಕೇಳಬಹುದು. ಆಕ್ಸಿಜನ್‌ ಅನ್ನು ಸಿಂಗ್ಲೆಟ್ ಸ್ಥಿತಿಗೆ ಏರಿಸಲು ಮೋಲ್‌ಗೆ 94 ಕಿಲೋಜೂಲ್ ಬೇಕು. ಬೆಳಕು ಹೀರಿದ ಅಣು, ಆಕ್ಸಿಜನ್‌ಗೆ ಶಕ್ತಿ ದಾಟಿಸುವ ಟ್ರಿಪ್ಲೆಟ್ ಅನ್ನುವ ಸ್ಥಿತಿಗೆ ಇಳಿಯುವಾಗಲೇ ಒಂದಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 800 ದಾಟಿದ ಮೇಲೆ ಉಳಿಯುವುದು ಸಾಲದು.

ಅಡಿಕೆತೋಟ · ಸೋಮವಾರ, ಬೆಳಿಗ್ಗೆ 9:12

ನನಗೆ ಕೆಮಿಸ್ಟ್ರಿ ಗೊತ್ತಿಲ್ಲ, ಕ್ಷಮಿಸಿ. ನಮ್ಮ ತಂದೆಗೆ ಕೆನ್ನೆಯ ಒಳಗೆ ಹುಣ್ಣು. ನಲವತ್ತು ವರ್ಷದಿಂದ ಎಲೆಅಡಿಕೆ, ಜೊತೆಗೆ ಹೊಗೆಸೊಪ್ಪು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂದಿದೆ. ಆಪರೇಷನ್ ಮಾಡಿಸಿ ಅಂದರು. ಅಪ್ಪನಿಗೆ ಕೊಯ್ಯುವುದೆಂದರೆ ಭಯ. ಅಷ್ಟರಲ್ಲಿ ಯಾರೋ ವಾಟ್ಸಾಪ್‌ನಲ್ಲಿ ಒಂದು ಜಾಹೀರಾತು ಕಳಿಸಿದರು. ಕೊಯ್ಯದೆ ಬೆಳಕಿನಿಂದಲೇ ಎಲ್ಲ ಕ್ಯಾನ್ಸರ್ ವಾಸಿ ಅಂತ ಅದರಲ್ಲಿದೆ. ಅಪ್ಪ ಅದನ್ನೇ ಹಿಡಿದು ಕೂತಿದ್ದಾರೆ. ನೀವೆಲ್ಲ ಹೇಳುತ್ತಿರುವುದು ಇದೇ ಬೆಳಕಾ?

ತುಂಗಾತೀರ · ಸೋಮವಾರ, ಮಧ್ಯಾಹ್ನ 1:30

ಅಣ್ಣ, ನಾನು ಬಾಯಿ, ದವಡೆಯ ಸರ್ಜನ್. ನಿಮಗೆ ನೇರವಾಗಿ ಹೇಳುತ್ತೇನೆ. ಎಲ್ಲ ಕ್ಯಾನ್ಸರ್ ವಾಸಿ ಅಂತ ಯಾರೇ ಬರೆದಿದ್ದರೂ ಆ ಕಡೆ ಹೋಗಬೇಡಿ.

ಬೆಳಕಿನ ಚಿಕಿತ್ಸೆ ನಿಜವಾದದ್ದೇ. ಆದರೆ ಅದರ ಕೈ ಎಲ್ಲಿಯವರೆಗೆ ಅಂತ ಮೇಲಿನವರು ಹೇಳಿದರಲ್ಲ, ಕೆಲವು ಮಿಲಿಮೀಟರ್. ಕುತ್ತಿಗೆಯ ಗಂಟಿಗೆ ಹರಡಿದ್ದರೆ ಕೆನ್ನೆಗೆ ಹಿಡಿದ ಬೆಳಕು ಅಲ್ಲಿಗೆ ಮುಟ್ಟುವುದಿಲ್ಲ. 2001ರಲ್ಲಿ ಯುರೋಪು ಫೋಸ್ಕಾನ್‌ಗೆ ಒಪ್ಪಿಗೆ ಕೊಟ್ಟಿದ್ದು ತಲೆ, ಕುತ್ತಿಗೆಯ ಮುಂದುವರಿದ ಕ್ಯಾನ್ಸರ್‌ಗೆ. ಅದೂ ಬೇರೆ ಚಿಕಿತ್ಸೆ ಸೋತು, ಆಪರೇಷನ್, ರೇಡಿಯೇಷನ್ ಯಾವುದೂ ಆಗದವರಿಗೆ, ಕಷ್ಟ ಕಡಿಮೆ ಮಾಡಲು. ನಿಮ್ಮ ತಂದೆಗೆ ಆಪರೇಷನ್ ಆಗುತ್ತದೆ ಅಂತ ಡಾಕ್ಟರ್ ಹೇಳಿದ್ದಾರೆ. ಅದೇ ಒಳ್ಳೆಯ ಸುದ್ದಿ. ಅದನ್ನು ಕೈಬಿಡಬೇಡಿ, ಮುಂದಕ್ಕೂ ಹಾಕಬೇಡಿ.

ಬಾಯಿಯ ಆರಂಭದ ಕ್ಯಾನ್ಸರ್‌ಗೆ ನಮ್ಮ ದೇಶದಲ್ಲೂ ಪ್ರಯೋಗ ನಡೆದಿದೆ. ಅಲಿಗಢದ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಬಾಸ್ಟನ್ ವಿಜ್ಞಾನಿಗಳ ಜೊತೆ ಸೇರಿ, ಬ್ಯಾಟರಿಯಿಂದ ನಡೆಯುವ ಅಗ್ಗದ ಎಲ್‌ಇಡಿ ದೀಪದಲ್ಲಿ ಇದನ್ನು ಮಾಡಿ ನೋಡಿದರು. ದೊಡ್ಡ ಲೇಸರ್ ಯಂತ್ರ ಇಲ್ಲದ ಊರಿಗೂ ಮುಟ್ಟಿಸಬೇಕು ಅನ್ನುವ ಆಸೆ ಅವರದು. ನನಗೆ ಅದು ಬಹಳ ಇಷ್ಟವಾದ ಕೆಲಸ. ಆದರೆ ಅದು ನಿಯಮಬದ್ಧ ಪ್ರಯೋಗ, ಆಯ್ದ ಚಿಕ್ಕ ಗಡ್ಡೆಗಳ ಮೇಲೆ ಮಾಡಿದ್ದು. ವಾಟ್ಸಾಪ್‌ ಜಾಹೀರಾತಿನಂಥದ್ದಲ್ಲ.

ಅಪ್ಪನ ರಿಪೋರ್ಟ್ ತೆಗೆದುಕೊಂಡು ಇನ್ನೊಬ್ಬ ಕ್ಯಾನ್ಸರ್ ಸರ್ಜನ್ ಹತ್ತಿರ ಹೋಗಿ ಕೇಳಿ. ಎರಡನೇ ಅಭಿಪ್ರಾಯ ಕೇಳುವುದರಲ್ಲಿ ತಪ್ಪೇನಿಲ್ಲ. ಮನೆಯಲ್ಲಿ ಬೇರೆಯವರು ಎಲೆಅಡಿಕೆ ಹಾಕುತ್ತಿದ್ದರೆ ಅವರ ಬಾಯಿಯನ್ನೂ ತೋರಿಸಿ. ಹೊಗೆಸೊಪ್ಪು, ಕಡ್ಡಿಪುಡಿ ಮಾತ್ರ ಕೆಟ್ಟದ್ದು, ಬರೀ ಅಡಿಕೆಗೆ ಏನಿಲ್ಲ ಅಂತ ನಮ್ಮ ಕಡೆ ಹೇಳುತ್ತಾರೆ. ಅಡಿಕೆಯೇ ಕ್ಯಾನ್ಸರ್‌ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ಬೆಳೆಯುವ ಮನೆಗೆ ಈ ಮಾತು ಹೇಳುವುದು ನನಗೂ ಕಷ್ಟ, ಆದರೂ ಹೇಳಲೇಬೇಕು.

ಬಫಲೋ ಕನ್ನಡಿಗ · ಸೋಮವಾರ, ರಾತ್ರಿ 8:05

ನಾನಿರುವುದು ನ್ಯೂಯಾರ್ಕ್ ರಾಜ್ಯದ ಬಫಲೋ ಊರಿನಲ್ಲಿ. ಫೋಟೊಫ್ರಿನ್ ಬೆಳೆದಿದ್ದು ಇಲ್ಲಿನ ರೋಸ್‌ವೆಲ್ ಪಾರ್ಕ್ ಕ್ಯಾನ್ಸರ್ ಸಂಸ್ಥೆಯಲ್ಲಿ. ಥಾಮಸ್ ಡೌಹರ್ಟಿ ಅನ್ನುವ ಕೆಮಿಸ್ಟ್ 1970ರ ದಶಕದಲ್ಲಿ ಕೋಶಗಳು ಬದುಕಿವೆಯೋ ಇಲ್ಲವೋ ಅಂತ ನೋಡಲು ಫ್ಲೋರೆಸೀನ್ ಜಾತಿಯ ಬಣ್ಣ ಬಳಸುತ್ತಿದ್ದರು. ಬಣ್ಣ ಹಾಕಿದ ಕೋಶಗಳು ಬೆಳಕಿನಲ್ಲಿ ಸತ್ತವು. ಬೇರೆಯವರಾದರೆ ಪ್ರಯೋಗ ಕೆಟ್ಟಿತು ಅಂತ ಚೆಲ್ಲುತ್ತಿದ್ದರೇನೋ. ಅವರು ಅದರ ಹಿಂದೆ ಬಿದ್ದರು. 1978ರಲ್ಲಿ 25 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಒಟ್ಟು 113 ಗಡ್ಡೆಗಳಲ್ಲಿ 111 ಪೂರ್ತಿಯಾಗಿ ಇಲ್ಲವೇ ಭಾಗಶಃ ಕರಗಿದ್ದವು. 1993ರಲ್ಲಿ ಕೆನಡಾ ಮೂತ್ರಕೋಶದ ಕ್ಯಾನ್ಸರ್‌ಗೆ, 1995ರಲ್ಲಿ ಅಮೆರಿಕ ಅನ್ನನಾಳದ ಕ್ಯಾನ್ಸರ್‌ಗೆ ಒಪ್ಪಿಗೆ ಕೊಟ್ಟವು. ಮೊದಲ ರೋಗಿಗಳಿಂದ ಅಂಗಡಿಯ ಔಷಧದವರೆಗೆ ಹದಿನೈದು ವರ್ಷಕ್ಕೂ ಜಾಸ್ತಿ. ಒಂದೂವರೆ ತಿಂಗಳಿಗೆ ಬೇಜಾರಾಗಬೇಡಿ, ನೇರಳೆಪುಡಿ ಅವರೇ.

ಸಂಜೆಬಿಸಿಲು · ಸೋಮವಾರ, ರಾತ್ರಿ 9:31

ಒಂದು ಸಣ್ಣ ಪ್ರಶ್ನೆ. ರಕ್ತದಲ್ಲೂ ಪಾರ್ಫಿರಿನ್ ಇದೆ ಅಂದಿರಿ. ಹಾಗಾದರೆ ಬಿಸಿಲಿಗೆ ಹೋದಾಗ ನಮ್ಮ ರಕ್ತವೇ ನಮ್ಮನ್ನು ಸುಡಬೇಕಿತ್ತಲ್ವಾ? ಮತ್ತೆ ನಮ್ಮಜ್ಜಿ ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬೆಳಗಿನ ಬಿಸಿಲಿಗೆ ಕೂರಿಸುತ್ತಿದ್ದರು. ಅದೂ ಇದೇನಾ?

ಹಳೇ ಕೆಮಿಸ್ಟ್ರಿ ಮೇಷ್ಟ್ರು · ಸೋಮವಾರ, ರಾತ್ರಿ 10:10

ಪ್ರಶ್ನೆ ಸಣ್ಣದಲ್ಲ. ಇಡೀ ವಿಷಯದ ತಿರುಳು ಅದರಲ್ಲೇ ಇದೆ.

ರಕ್ತದ ಹೀಮ್‌ನಲ್ಲಿ ಪಾರ್ಫಿರಿನ್‌ನ ನಡುವೆ ಕಬ್ಬಿಣ ಕೂತಿದೆ. ಬೆಳಕು ಬಿದ್ದರೆ ಆ ಶಕ್ತಿಯನ್ನು ಕಬ್ಬಿಣ ಕ್ಷಣದಲ್ಲಿ ಇಂಗಿಸಿಬಿಡುತ್ತದೆ. ಆಕ್ಸಿಜನ್‌ಗೆ ದಾಟಿಸಲು ಸಮಯವೇ ಸಿಗುವುದಿಲ್ಲ. ಅದಕ್ಕೇ ನಾವು ಬಿಸಿಲಿನಲ್ಲಿ ಓಡಾಡಿಕೊಂಡಿದ್ದೇವೆ. ಕಬ್ಬಿಣ ಸೇರಿಸುವ ಕಿಣ್ವ ಹುಟ್ಟಿನಿಂದಲೇ ಸೋತವರ ಮೈಯಲ್ಲಿ ಖಾಲಿ ಪ್ರೊಟೊಪಾರ್ಫಿರಿನ್ ಸೇರುತ್ತಾ ಹೋಗುತ್ತದೆ. ಅಂಥ ಮಕ್ಕಳು ಬಿಸಿಲಿಗೆ ಬಂದರೆ ಉರಿ ಅಂತ ಅಳುತ್ತಾರೆ. ಪಾರ್ಫೀರಿಯಾ ಅನ್ನುವ ಕಾಯಿಲೆಗಳ ಗುಂಪಿನಲ್ಲಿ ಅದೂ ಒಂದು.

ಈ ತೊಂದರೆಯನ್ನೇ ಔಷಧ ಮಾಡಿದವರು ಕೆನಡಾದ ಕಿಂಗ್‌ಸ್ಟನ್‌ನ ಕೆನಡಿ ಮತ್ತು ಪಾಟಿಯರ್, 1990ರಲ್ಲಿ. ಅವರು ಪಾರ್ಫಿರಿನ್ ಕೊಡಲೇ ಇಲ್ಲ. ಅದರ ಕಚ್ಚಾ ಮಾಲಾದ ಅಮಿನೊಲೆವುಲಿನಿಕ್ ಆಸಿಡ್ ಹಚ್ಚಿದರು. ಕೋಶ ತಾನೇ ಪ್ರೊಟೊಪಾರ್ಫಿರಿನ್ ಮಾಡಿಕೊಳ್ಳುತ್ತದೆ. ಕಬ್ಬಿಣ ಸೇರಿಸುವ ಕೆಲಸ ನಿಧಾನ, ಹಾಗಾಗಿ ರಾಶಿ ಬೀಳುತ್ತದೆ. ಕ್ಯಾನ್ಸರ್ ಕೋಶದಲ್ಲಿ ಈ ರಾಶಿ ಜಾಸ್ತಿ. ಮೆದುಳಿನ ಗ್ಲಿಯೋಮಾ ಆಪರೇಷನ್‌ಗೆ ಮೊದಲು ಇದನ್ನೇ ಕುಡಿಸುತ್ತಾರೆ. ನೀಲಿ ಬೆಳಕು ಹಿಡಿದರೆ ಗಡ್ಡೆ ಕೆಂಪಗೆ ಹೊಳೆಯುತ್ತದೆ, ಎಲ್ಲಿಯವರೆಗೆ ತೆಗೆಯಬೇಕು ಅಂತ ಸರ್ಜನ್‌ಗೆ ಕಾಣುತ್ತದೆ. 2017ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಬಾವಂಚಿ ಇದರ ದೂರದ ನೆಂಟ. ಅದರಲ್ಲಿರುವುದು ಸೊರಾಲೆನ್. ಅದೂ ಬೆಳಕಿನಿಂದಲೇ ಎಚ್ಚರಗೊಳ್ಳುತ್ತದೆ, ಆದರೆ ನೇರಳಾತೀತ ಕಿರಣದಿಂದ. ಆಮೇಲೆ ನೇರ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಆಕ್ಸಿಜನ್ ಬೇಕಿಲ್ಲ. ಅಜ್ಜಿಯ ಔಷಧಕ್ಕೆ ಆಧಾರ ಇದೆ, ಆದರೆ ಅಳತೆ ತಪ್ಪಿದರೆ ಚರ್ಮದ ಮೇಲೆ ಬೊಕ್ಕೆ ಬರುತ್ತದೆ. ಮನೆಯಲ್ಲಿ ಮಾಡಬೇಡಿ.

ಬಣ್ಣ ಮತ್ತು ಬೆಳಕು ಸೇರಿದರೆ ಜೀವ ಹೋಗುತ್ತದೆ ಅಂತ ಮೊದಲು ಗಮನಿಸಿದ್ದೂ ಒಬ್ಬ ವಿದ್ಯಾರ್ಥಿಯೇ. ಮ್ಯೂನಿಕ್‌ನಲ್ಲಿ ಫಾನ್ ಟಪ್ಪೈನರ್ ಹತ್ತಿರ ಓದುತ್ತಿದ್ದ ಆಸ್ಕರ್ ರಾಬ್. ಪ್ಯಾರಮೀಸಿಯಂ ಅನ್ನುವ ಒಂದೇ ಕೋಶದ ಜೀವಿಗಳ ಮೇಲೆ ಅಕ್ರಿಡೀನ್ ಅನ್ನುವ ಬಣ್ಣ ಹಾಕಿ ಎಷ್ಟು ಹೊತ್ತಿಗೆ ಸಾಯುತ್ತವೆ ಅಂತ ನೋಡುತ್ತಿದ್ದ. ಒಂದು ದಿನ ಬೇಗ, ಇನ್ನೊಂದು ದಿನ ತಡ. ಲೆಕ್ಕ ಕೂಡುತ್ತಿರಲಿಲ್ಲ. ತಡವಾದ ದಿನ ಗುಡುಗು ಮಳೆ ಇತ್ತು, ಮೋಡಕ್ಕೆ ಕತ್ತಲು ಕವಿದಿತ್ತು ಅಂತ ಆಮೇಲೆ ಹೊಳೆಯಿತಂತೆ. 1900ರಲ್ಲಿ ಅದನ್ನು ಪ್ರಕಟಿಸಿದ.

ತಂಗಿ ನೇರಳೆಪುಡಿ, ಈ ಕಥೆಯನ್ನು ನಿನಗೋಸ್ಕರವೇ ಬರೆದೆ. ನಿನ್ನ ಕತ್ತಲೆ ಪ್ಲೇಟ್ ನಿಜವಾಗಿ ಎಷ್ಟು ಕತ್ತಲೆ?

ತುಂಗಾತೀರ · ಸೋಮವಾರ, ರಾತ್ರಿ 10:48

ಮೇಷ್ಟ್ರು ಕೇಳಿದ್ದು ಸರಿಯಾದ ಪ್ರಶ್ನೆ. ಇದನ್ನು ರೋಗಿಯ ಕಡೆಯಿಂದಲೂ ನೋಡಿ. 1912ರಲ್ಲಿ ಫ್ರೆಡ್ರಿಕ್ ಮೇಯರ್-ಬೆಟ್ಜ್ ಅನ್ನುವ ಜರ್ಮನ್ ವೈದ್ಯ ತನಗೇ 200 ಮಿಲಿಗ್ರಾಂ ಹೆಮಟೊಪಾರ್ಫಿರಿನ್ ಚುಚ್ಚಿಕೊಂಡ. ಬಿಸಿಲು ಬಿದ್ದ ಮುಖ, ಕೈ ಊದಿಕೊಂಡವು. ಬಿಸಿಲಿನ ತೊಂದರೆ ತಿಂಗಳುಗಟ್ಟಲೆ ಬಿಡಲಿಲ್ಲ. ಇವತ್ತಿಗೂ ಫೋಟೊಫ್ರಿನ್ ತೆಗೆದುಕೊಂಡವರು ಕನಿಷ್ಠ 30 ದಿನ ಬಿಸಿಲು, ಜೋರು ದೀಪ ತಪ್ಪಿಸಬೇಕು. ರಾಯಚೂರಿನ ಏಪ್ರಿಲ್‌ನಲ್ಲಿ ಹೊಲಕ್ಕೆ ಹೋಗಿ ದುಡಿಯುವವರಿಗೆ ಒಂದು ತಿಂಗಳು ಕಿಟಕಿ ಮುಚ್ಚಿ ಕೂತಿರಿ ಅಂತ ಹೇಗೆ ಹೇಳುವುದು?

ಅದಕ್ಕೇ ನಾನು ಕೆಮಿಸ್ಟ್ರಿಯವರನ್ನು ಕೇಳಿಕೊಳ್ಳುವುದು ಒಂದೇ. ಇನ್ನೂ ಜೋರಾಗಿ ಕೊಲ್ಲುವ ಅಣು ನಮಗೆ ಬೇಡ. ಕೊಲ್ಲುವಷ್ಟು ಶಕ್ತಿ ಈಗಿರುವ ಅಣುಗಳಲ್ಲೇ ಇದೆ. ಕತ್ತಲೆಯಲ್ಲಿ ತೆಪ್ಪಗಿರುವ, ಚರ್ಮದಲ್ಲಿ ನಿಲ್ಲದ, ಕೆಲಸ ಮುಗಿದ ಮೇಲೆ ಒಂದೆರಡು ದಿನದಲ್ಲಿ ಮೈಯಿಂದ ಹೊರಗೆ ಹೋಗುವ ಅಣು ಮಾಡಿಕೊಡಿ.

ನೇರಳೆಪುಡಿ · ಮಂಗಳವಾರ, ರಾತ್ರಿ 11:55

ಮೇಷ್ಟ್ರೇ, ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಕತ್ತಲೆ ಪ್ಲೇಟಿಗೆ ಔಷಧ ಹಾಕುವುದು, ತೊಳೆಯುವುದು, ಮೀಡಿಯಾ (ಕೋಶ ಬೆಳೆಸುವ ದ್ರವ) ಬದಲಿಸುವುದು ಎಲ್ಲವನ್ನೂ ಹುಡ್‌ನ ಟ್ಯೂಬ್‌ಲೈಟ್ ಕೆಳಗೇ ಮಾಡಿದ್ದೇನೆ. 96 ಗುಂಡಿಗಳಿಗೆ ಮುಕ್ಕಾಲು ಗಂಟೆ. ಆಮೇಲಷ್ಟೇ ಫಾಯಿಲ್ ಸುತ್ತಿದ್ದು.

ಇವತ್ತು ಬರೀ ಡಿಪಿಬಿಎಫ್ ಇಟ್ಟು ನೋಡಿದೆ. ಬಿಳಿ ಎಲ್‌ಇಡಿಯಲ್ಲಿ ತಾನೇ ಬಣ್ಣ ಕಳೆದುಕೊಳ್ಳುತ್ತದೆ. ಕೆಂಪು ಎಲ್‌ಇಡಿ ಹಾಕಿದಾಗ ನಿಂತಿತು. ಪಾರ್ಫಿರಿನ್ ಸೇರಿಸಿದರೆ ಕೆಂಪಿನಲ್ಲೂ ಹಳದಿ ಹೋಗುತ್ತದೆ, ಆದರೆ ಮೊದಲಿಗಿಂತ ನಿಧಾನ. ಅಂದರೆ ಸಿಂಗ್ಲೆಟ್ ಆಕ್ಸಿಜನ್ ನಿಜವಾಗಿ ಬರುತ್ತಿದೆ, ನಾನು ಅಂದುಕೊಂಡಷ್ಟು ಅಲ್ಲ.

ಹಳೇ ಕೆಮಿಸ್ಟ್ರಿ ಮೇಷ್ಟ್ರು · ಬುಧವಾರ, ಬೆಳಿಗ್ಗೆ 6:20

ಒಳ್ಳೆಯದಾಯಿತು. ಈಗ ಇನ್ನೊಂದು ಮಾಡು. ಬರೀ ಬಫರ್‌ನಲ್ಲಿ ಅಳೆಯಬೇಡ, ಸೀರಂ (ರಕ್ತದ ತಿಳಿ) ಇರುವ ಮೀಡಿಯಾದಲ್ಲಿ ಅಳೆ. ಅಲ್ಬುಮಿನ್, ಕೊಬ್ಬು ಹೊರುವ ಪ್ರೋಟೀನುಗಳು ಪಾರ್ಫಿರಿನ್ ಅಣುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿದುಕೊಳ್ಳುತ್ತವೆ. ಬಫರ್‌ನಲ್ಲಿ ಸತ್ತ ಹಾಗಿದ್ದ ಅಣು ಸೀರಂನಲ್ಲಿ ಎದ್ದು ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕೋಶದೊಳಗೆ ಆಗುವುದೂ ಅದೇ.

ನೀರಿನಲ್ಲಿ ಕರಗಲೇಬೇಕು ಅಂತ ಅವಸರದಲ್ಲಿ ನಾಲ್ಕು ಕಡೆಗೂ ಪ್ಲಸ್ ಚಾರ್ಜ್ ಹಾಕಬೇಡ. ಪಿರಿಡಿಲ್ ಪಾರ್ಫಿರಿನ್‌ಗೆ ಮೀಥೈಲ್ ಅಯೋಡೈಡ್ ಹಾಕಿದರೆ ಚೆನ್ನಾಗಿ ಕರಗುತ್ತದೆ, ನಿಜ. ಆದರೆ ಕೋಶದ ಪೊರೆ ಎಣ್ಣೆಯದು, ಅದನ್ನು ಅದು ಸುಲಭಕ್ಕೆ ದಾಟುವುದಿಲ್ಲ. ಒಂದು ಕಡೆ ನೀರಿಗೆ, ಮೂರು ಕಡೆ ಎಣ್ಣೆಗೆ ಹೊಂದುವ ಅಣು ಒಳ್ಳೆಯದು. ಅದಕ್ಕೆ ಎರಡು ಬಗೆಯ ಆಲ್ಡಿಹೈಡ್ ಬೆರೆಸಿ ಕುದಿಸಬೇಕು. ಒಂದೇ ಫ್ಲಾಸ್ಕಿನಲ್ಲಿ ಆರು ಬಗೆಯ ಪಾರ್ಫಿರಿನ್ ಹುಟ್ಟುತ್ತವೆ, ನಿನಗೆ ಬೇಕಾದ್ದು ಅದರಲ್ಲಿ ಒಂದು. ಅವನ್ನು ಬೇರೆ ಮಾಡಲು ಕಾಲಂ ಹಾಕುತ್ತಾ ಕೂರಲು ತಾಳ್ಮೆ ಬೇಕು. ಇನ್ನೊಂದು ದಾರಿ ಲೈಪೊಸೋಮ್, ಅಂದರೆ ಕೊಬ್ಬಿನ ಪುಟ್ಟ ಚೀಲದಲ್ಲಿ ಅಣುವನ್ನು ತುಂಬಿ ಕೊಡುವುದು. ಕಣ್ಣಿನ ಮ್ಯಾಕುಲಾ ಕಾಯಿಲೆಗೆ ಕೊಡುವ ವರ್ಟೆಪೊರ್ಫಿನ್ ಅನ್ನು ಹಾಗೇ ಕೊಡುವುದು.

ಬೆಳಕಿನಳತೆ · ಬುಧವಾರ, ಬೆಳಿಗ್ಗೆ 8:00

ದೀಪದ ಅಳತೆ ಬರೆದಿಡಿ. ಪ್ಲೇಟ್ ಇಡುವ ಜಾಗದಲ್ಲಿ ಚದರ ಸೆಂಟಿಮೀಟರ್‌ಗೆ 100 ಮಿಲಿವ್ಯಾಟ್ ಇದ್ದರೆ 200 ಸೆಕೆಂಡಿಗೆ 20 ಜೂಲ್. ಅವಸರಕ್ಕೆ ದೀಪ ಜೋರು ಮಾಡಬೇಡಿ. ಬೆಳಕು ತೀರಾ ಜೋರಾದರೆ ಅಲ್ಲಿರುವ ಆಕ್ಸಿಜನ್ ಮೊದಲು ಖರ್ಚಾಗುತ್ತದೆ, ಹೊಸದು ಬರುವ ತನಕ ಉಳಿದ ಬೆಳಕು ದಂಡ. ಬಿಸಿಯಿಂದ ಸತ್ತ ಕೋಶ ಯಾವುದು, ಆಕ್ಸಿಜನ್‌ನಿಂದ ಸತ್ತದ್ದು ಯಾವುದು ಅಂತಲೂ ಗೊಂದಲವಾಗುತ್ತದೆ. ಔಷಧ ಹಾಕದೆ ಬೆಳಕು ಮಾತ್ರ ಕೊಟ್ಟ ಪ್ಲೇಟ್ ಒಂದು ಇರಲೇಬೇಕು.

ಅಡಿಕೆತೋಟ · ಶುಕ್ರವಾರ, ಸಂಜೆ 6:45

ಡಾಕ್ಟ್ರೇ, ನಿಮ್ಮ ಉತ್ತರವನ್ನು ಅಪ್ಪನಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡರು. ಇನ್ನೊಬ್ಬ ಸರ್ಜನ್ ಕೂಡ ಆಪರೇಷನ್ನೇ ಅಂದರು, ಕುತ್ತಿಗೆಯ ಗಂಟನ್ನೂ ನೋಡುತ್ತಾರಂತೆ. ಮುಂದಿನ ಗುರುವಾರ ದಿನ ಕೊಟ್ಟಿದ್ದಾರೆ. ತಮ್ಮನ ಬಾಯಿಯನ್ನೂ ತೋರಿಸಿದೆವು, ಸದ್ಯಕ್ಕೆ ಏನಿಲ್ಲ. ಅವನು ಎಲೆಅಡಿಕೆ ಚೀಲವನ್ನು ಅಮ್ಮನ ಕೈಗೆ ಕೊಟ್ಟಿದ್ದಾನೆ.

ತುಂಗಾತೀರ · ಶುಕ್ರವಾರ, ಸಂಜೆ 7:10

ಬಹಳ ಸಮಾಧಾನವಾಯಿತು ಅಣ್ಣ. ಆಪರೇಷನ್ ಆದ ಮೇಲೆ ಬಾಯಿ ತೆರೆಯುವ ವ್ಯಾಯಾಮ ಹೇಳಿಕೊಡುತ್ತಾರೆ. ನೋವು ಅಂತ ಅಪ್ಪ ಬಿಡದ ಹಾಗೆ ನೋಡಿಕೊಳ್ಳಿ.

ನೇರಳೆಪುಡಿ · ಶನಿವಾರ, ರಾತ್ರಿ 9:40

ಅಡಿಕೆತೋಟ ಅಣ್ಣ, ನಿಮ್ಮ ತಂದೆ ಬೇಗ ಹುಷಾರಾಗಲಿ. ನಾನು ಗುಂಡಿಗೆ ಹಾಕುವ ಕೋಶಗಳೂ ಯಾರದೋ ಬಾಯಿಂದ ಬಂದವು ಅಂತ ಈ ವಾರ ಮೊದಲ ಸಲ ನೆನಪಾಯಿತು.

ಪ್ರಯೋಗ ಮತ್ತೆ ಮಾಡಿದೆ. ಸೀರಂ ಮೀಡಿಯಾದಲ್ಲಿ ಶಿಖರ ಮತ್ತೆ ಚೂಪಾಯಿತು, ಸ್ವಲ್ಪ ಕೆಂಪಿನ ಕಡೆ ಸರಿದಿದೆ. ಹೊಳಪೂ ಬಂತು. ಎಬಿಡಿಎ ಕೂಡ ಇಳಿಯಿತು. ಆಮೇಲೆ ಗುರುವಾರ ಎಲ್ಲರೂ ಮನೆಗೆ ಹೋದ ಮೇಲೆ ಟ್ಯೂಬ್‌ಲೈಟ್ ಆರಿಸಿ, ಮೂಲೆಯಲ್ಲಿ ಒಂದು ಮಂಕು ದೀಪ ಇಟ್ಟುಕೊಂಡು ಪ್ಲೇಟ್ ತಯಾರು ಮಾಡಿದೆ. ಇವತ್ತು ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಕತ್ತಲೆ ಪ್ಲೇಟಿನ ಕೋಶಗಳು ತಳಕ್ಕೆ ಹರಡಿಕೊಂಡು ಆರಾಮಾಗಿವೆ. ಬರೀ ಬೆಳಕು ಕೊಟ್ಟವೂ ಹಾಗೇ ಇವೆ. ಔಷಧ ಮತ್ತು ಕೆಂಪು ಬೆಳಕು ಎರಡೂ ಸಿಕ್ಕವು ದುಂಡಗಾಗಿ ತಳ ಬಿಟ್ಟು ತೇಲುತ್ತಿವೆ. ಎಷ್ಟು ಕೋಶ ಬದುಕಿವೆ ಅಂತ ಅಳೆಯುವ ಎಂಟಿಟಿ ಪರೀಕ್ಷೆಯ ಅಂಕಿ ಇನ್ನೂ ಬರಬೇಕು, ಇನ್ನೂ ಎರಡು ಸಲ ಮಾಡಿ ನೋಡಬೇಕು.

ಅಂದರೆ ನನ್ನ ಅಣು ಕತ್ತಲೆಯಲ್ಲಿ ಕೊಲ್ಲುತ್ತಿರಲಿಲ್ಲ. ಟ್ಯೂಬ್‌ಲೈಟಿನ ಬೆಳಕೇ ಅದಕ್ಕೆ ಸಾಕಾಗಿತ್ತು. ಇದನ್ನು ನೋಡಿ ಖುಷಿಯಾಯಿತು, ಜೊತೆಗೆ ಡಾಕ್ಟ್ರು ಹೇಳಿದ ರಾಯಚೂರಿನ ಬಿಸಿಲೂ ನೆನಪಾಯಿತು.

ಹಳೇ ಕೆಮಿಸ್ಟ್ರಿ ಮೇಷ್ಟ್ರು · ಶನಿವಾರ, ರಾತ್ರಿ 10:05

ಭೇಷ್. ಒಂದು ವಿಷಯ ನಿನಗೆ ಗೊತ್ತಿರಬಹುದು. ನಿನ್ನ ಕೈಲಿರುವ ಮೆಟಾ ಹೈಡ್ರಾಕ್ಸಿ ಪಾರ್ಫಿರಿನ್ನೇ ಫೋಸ್ಕಾನ್‌ನ ತಾಯಿ. ಲಂಡನ್‌ನಲ್ಲಿ ರೇಮಂಡ್ ಬಾನೆಟ್ ಅವರ ಗುಂಪು ಅದರ ಒಂದು ಜೋಡಿ ಬಂಧ ಇಳಿಸಿಯೇ ಟೆಮೊಪೊರ್ಫಿನ್ ಮಾಡಿದ್ದು. ಟೋಸಿಲ್ ಹೈಡ್ರಜೈಡ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ಅನ್ನು ಪಿರಿಡೀನ್‌ನಲ್ಲಿ ಬಿಸಿ ಮಾಡಿ ನೋಡು. ಅರ್ಧಕ್ಕೆ ನಿಲ್ಲುವುದಿಲ್ಲ, ಸ್ವಲ್ಪ ಬ್ಯಾಕ್ಟೀರಿಯೊಕ್ಲೋರಿನ್ ಕೂಡ ಆಗುತ್ತದೆ. ಕೊನೆಗೆ ಕ್ಲೋರಾನಿಲ್ ಹಾಕಿದರೆ ಅದು ಕ್ಲೋರಿನ್‌ಗೆ ವಾಪಸ್ ಬರುತ್ತದೆ. 650ರ ಶಿಖರ ಏರುವುದನ್ನು ನೋಡುತ್ತಾ ಹೋಗು.

ನೇರಳೆಪುಡಿ · ಶನಿವಾರ, ರಾತ್ರಿ 10:12

ಖಂಡಿತ ಮೇಷ್ಟ್ರೇ. ಆದರೆ ಇರುವ ಪಾರ್ಫಿರಿನ್ ಮುಗಿಯುತ್ತಾ ಬಂತು, ಬಾಟಲಿಯ ಪಿರೋಲ್ ಕಂದು ತಿರುಗಿದೆ. ಸೋಮವಾರ ಮೊದಲು ಅದನ್ನು ಬಟ್ಟಿ ಇಳಿಸಬೇಕು.